ಬೀಪ್ ಎಲ್ಲಾ ಕಡೆ, ಬಿಸಿ ಒಂದೇ ಕಡೆ

“ಎಲ್ಲಾ ಕಡಿ ಬೀಪ್ ಬರ್ಲಾಕತ್ತದ್ರಿ, ಬೋರ್ಡ್ ಶಾರ್ಟ್ ಆಗ್ಯದ.” ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸತ್ತ ಫೋನ್ ಹಿಡಿದುಕೊಂಡು ರಿಪೇರಿ ಅಂಗಡಿಗೆ ಹೋದವರಿಗೆ ಇಂಥ ಮಾತು ಹೊಸದಲ್ಲ. ಅದರ ಹಿಂದಿನ ಪೇಚು ಮಾತ್ರ ಗಿರಾಕಿಗೆ ಕಾಣುವುದಿಲ್ಲ. ಬೋರ್ಡಿನ ಒಂದೇ ವಿದ್ಯುತ್ ಲೈನಿಗೆ, ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಹತ್ತಾರು ಕೆಪಾಸಿಟರ್‌ಗಳು ಸಮಾಂತರವಾಗಿ ಕೂತಿರುತ್ತವೆ, ಬಹುಪಾಲು ಜೋಳದ ಕಾಳಿಗಿಂತ ಸಣ್ಣವು. ಸೆರಾಮಿಕ್ ಮತ್ತು ಲೋಹದ ತೆಳು ಪದರಗಳನ್ನು ಪೇರಿಸಿ ಮಾಡಿದ ಇವು, ಫೋನ್ ಬಿದ್ದು ಬೋರ್ಡ್ ಬಾಗಿದಾಗ ಬಿರುಕು ಬಿಡಬಹುದು. ಆ ಬಿರುಕಿನಲ್ಲಿ ಲೋಹದ ಪದರಗಳ ನಡುವೆ ವಿದ್ಯುತ್ತಿಗೆ ದಾರಿಯಾಯಿತೆಂದರೆ ಶಾರ್ಟ್. ಕೆಟ್ಟಿದ್ದು ಒಂದೇ, ಲೈನ್ ಒಂದೇ ಆದ್ದರಿಂದ ಯಾವುದಕ್ಕೆ ಮಲ್ಟಿಮೀಟರ್ (ವಿದ್ಯುತ್ತಿಗೆ ನೇರ ದಾರಿ ಇದ್ದರೆ ಬೀಪ್ ಅನ್ನುವ ಅಳತೆಯ ಸಾಧನ) ಹಚ್ಚಿದರೂ ಬೀಪ್. ಒಂದೊಂದನ್ನೇ ಕಿತ್ತು ನೋಡುತ್ತ ಹೋದರೆ ಚೆನ್ನಾಗಿದ್ದ ಭಾಗಗಳಿಗೂ ಕುತ್ತು.

ಇಲ್ಲಿ ಬಿಸಿಯನ್ನೇ ಚಿತ್ರವಾಗಿಸಿ ತೋರಿಸುವ ಥರ್ಮಲ್ ಕ್ಯಾಮೆರಾ ನಿಜವಾಗಿ ಕೈಹಿಡಿಯುತ್ತದೆ. ಕೆಂಪು ಬೆಳಕಿನಾಚೆ ಕಣ್ಣಿಗೆ ಕಾಣದ ಕಿರಣಗಳಿವೆ ಎಂದು ವಿಲಿಯಂ ಹರ್ಷೆಲ್ 1800ರಲ್ಲಿ ಪ್ರಿಸಂ ಮತ್ತು ಥರ್ಮಾಮೀಟರ್‌ಗಳಿಂದಲೇ ತೋರಿಸಿದ್ದ. ಸಾಧಾರಣ ಉಷ್ಣತೆಯ ವಸ್ತುಗಳು ಸೂಸುವ ಇಂಥ ಅವಕೆಂಪು ಕಿರಣಗಳಲ್ಲಿ ಈ ಕ್ಯಾಮೆರಾ ಹಿಡಿಯುವುದು ಸುಮಾರು 8ರಿಂದ 14 ಮೈಕ್ರೋಮೀಟರ್ ತರಂಗಾಂತರದವನ್ನು. ಕ್ಯಾಮೆರಾದೊಳಗಿನ ಪುಟ್ಟ ಚುಕ್ಕೆಗಳು ಆ ಕಿರಣ ತಾಗಿ ತಾವೇ ಬಿಸಿಯಾಗುತ್ತವೆ, ಬಿಸಿಯಾದಂತೆ ಅವುಗಳ ವಿದ್ಯುತ್ ರೋಧ ಬದಲಾಗುತ್ತದೆ. ಚಿತ್ರ ಮೂಡುವುದು ಆ ಬದಲಾವಣೆಯಿಂದ. ಫೋನಿಗೆ ಸಿಕ್ಕಿಸುವ 256×192 ಚುಕ್ಕೆಗಳ ಸಣ್ಣ ಕ್ಯಾಮೆರಾ ಕೂಡ ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ವ್ಯತ್ಯಾಸವನ್ನು ಗುರುತಿಸಬಲ್ಲದು.

ಕೆಟ್ಟ ಕೆಪಾಸಿಟರ್ ಬಿಸಿಯಾಗಿ ಕಾಣಬೇಕಾದರೆ ಬ್ಯಾಟರಿ ತೆಗೆದು, ಶಾರ್ಟ್ ಆದ ಲೈನಿಗೆ ಡಿಸಿ ಸಪ್ಲೈಯಿಂದ 1 ವೋಲ್ಟಿನಷ್ಟು ಕೊಡಬೇಕು, ಕರೆಂಟಿಗೆ ಮಿತಿ ಹಾಕಿ. ವೋಲ್ಟೇಜ್ ಆ ಲೈನಿನ ಸಹಜ ಮಟ್ಟ ದಾಟಿದರೆ ಪ್ರೊಸೆಸರ್ರೇ ಸುಟ್ಟೀತು. ಶಾರ್ಟಿನ ರೋಧ 0.1 ಓಮ್, ಕರೆಂಟ್ 2 ಆಂಪಿಯರ್ ಅಂದುಕೊಳ್ಳಿ: ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ 0.4 ವ್ಯಾಟ್. ಅಷ್ಟು ಶಾಖ ಒಂದು ಮಿಲಿಮೀಟರ್ ಉದ್ದದ ಕಣದಲ್ಲಿ ಹುಟ್ಟಿದರೆ ಪರದೆಯ ಮೇಲೆ ಬೆಳ್ಳನೆಯ ಚುಕ್ಕೆ ಎದ್ದೇ ಏಳುತ್ತದೆ. ರೋಧ 0.005 ಓಮ್ ಇದ್ದರೆ ಅದೇ ಕರೆಂಟಿಗೆ 0.02 ವ್ಯಾಟ್ ಮಾತ್ರ. ತಾಮ್ರದ ಪದರ ಅದನ್ನು ಹೀರಿ ಹರಡಿಬಿಡುತ್ತದೆ. ರೋಧ ಇಲ್ಲವೆನ್ನುವಷ್ಟು ಕಡಿಮೆಯಿರುವ ಪೂರ್ಣ ಶಾರ್ಟ್ ಹುಡುಕುವುದೇ ಹೆಚ್ಚು ಕಷ್ಟ ಎನ್ನುವುದು ಈ ಕೆಲಸದ ಸೋಜಿಗ. ಆಗ ಕರೆಂಟ್ ನಿಧಾನವಾಗಿ ಏರಿಸಬೇಕು, ಕೊಟ್ಟ ಮೊದಲ ಕ್ಷಣಗಳಲ್ಲೇ ಕಣ್ಣಿಟ್ಟಿರಬೇಕು.

ಮೇ ತಿಂಗಳಲ್ಲಿ 42 ಡಿಗ್ರಿ ಇರುವ ನಮ್ಮ ಊರಿನಲ್ಲಿ ಇದು ನಡೆಯುತ್ತದೆಯೇ? ನಡೆಯುತ್ತದೆ, ನೋಡಬೇಕಾದ್ದು ಸುತ್ತಲಿಗಿಂತ ಎಷ್ಟು ಹೆಚ್ಚು ಬಿಸಿ ಎಂಬುದನ್ನು. ಆದರೆ ಆ ಎರಡು ನಿಮಿಷ ಫ್ಯಾನ್ ಆರಿಸುವುದು ಒಳ್ಳೆಯದು, ಗಾಳಿ ಸಣ್ಣ ಶಾಖವನ್ನು ಹೊತ್ತೊಯ್ಯುತ್ತದೆ.

ಹೊಳಪಿನ ಲೋಹ ಇನ್ನೊಂದು ಮೋಸ. ಬೀದರಿನ ಬಿದರಿ ಹೂದಾನಿಯ ಬೆಳ್ಳಿ ಕುಸುರಿ ಬಿಸಿಯಾಗಿದ್ದರೂ ಕ್ಯಾಮೆರಾಗೆ ತಣ್ಣಗೆ ಕಾಣಬಹುದು: ಮೆರುಗು ಕೊಟ್ಟ ಬೆಳ್ಳಿ ತಾನು ಸೂಸುವುದು ಅತ್ಯಲ್ಪ, ಎದುರಿಗಿದ್ದದ್ದನ್ನು ಪ್ರತಿಫಲಿಸುವುದೇ ಹೆಚ್ಚು. ಬೋರ್ಡಿನ ಬೆಸುಗೆ ಮತ್ತು ಲೋಹದ ಕವಚಗಳದ್ದೂ ಇದೇ ಗುಣ. ನಿಮ್ಮ ಮುಖದ ಬಿಸಿಯೇ ಅಲ್ಲಿ ಪ್ರತಿಬಿಂಬಿಸಿ ದೋಷದಂತೆ ತೋರಬಹುದು. ತಲೆ ಸರಿಸಿ ನೋಡಿ. ಚುಕ್ಕೆಯೂ ಸರಿದರೆ ಅದು ಪ್ರತಿಬಿಂಬ. ಕವಚದ ಉಷ್ಣತೆಯೇ ಬೇಕಿದ್ದರೆ ಅದರ ಮೇಲೆ ಇನ್ಸುಲೇಷನ್ ಟೇಪಿನ ಚೂರು ಅಂಟಿಸಿ ಟೇಪನ್ನು ಅಳೆಯಿರಿ.

ಬಿಸಿಯಾದದ್ದೆಲ್ಲ ಕೆಟ್ಟದ್ದಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ಮುಂದಿನ ಭಾಗವೊಂದು ಹೆಚ್ಚು ಕರೆಂಟ್ ಎಳೆದರೆ ಅದಕ್ಕೆ ಹದವಾದ ವೋಲ್ಟೇಜ್ ಕೊಡುವ ಹಿಂದಿನ ವೋಲ್ಟೇಜ್ ರೆಗ್ಯುಲೇಟರ್ ಬಿಸಿಯಾಗುತ್ತದೆ. ಅದನ್ನಷ್ಟೇ ಬದಲಿಸಿ ಕೊಟ್ಟರೆ ಹೊಸದೂ ಬಿಸಿಯಾಗುತ್ತದೆ, ಫೋನ್ ಮತ್ತೆ ಅಂಗಡಿಗೆ ಬರುತ್ತದೆ. ಲೈನ್ ಕಡಿದಿದ್ದರಂತೂ ಬಿಸಿಯೇ ಇರುವುದಿಲ್ಲ. ಕೆಲಸ ಮಾಡಬೇಕಿದ್ದ ಐಸಿ (ಚಿಪ್) ತಣ್ಣಗೆ ಕೂತಿರುವುದೇ ಅಲ್ಲಿ ಸುಳಿವು. ಅದು ಕಾಣಬೇಕಾದರೆ ಪಕ್ಕದಲ್ಲಿ ಅದೇ ಮಾಡೆಲ್ಲಿನ ಚೆನ್ನಾಗಿರುವ ಬೋರ್ಡ್ ಇಟ್ಟು ಎರಡನ್ನೂ ಹೋಲಿಸಿ ನೋಡಬೇಕು.