ಗ್ರ್ಯಾಂಡ್ ಕ್ಯಾನ್ಯನ್‌ನಲ್ಲೂ ಡೈನೋಸಾರ್ ಇಲ್ಲ, ಮಾರಾಯ್ರೆ

ಶಿರಸಿ ಸುತ್ತಮುತ್ತ ಬೋರ್‌ವೆಲ್ ಪಾಯಿಂಟ್ ನೋಡಲು ಹೋದರೆ ಯಾರಾದರೂ ಒಂದು ಕಲ್ಲು ತಂದು ಕೈಗಿಡುತ್ತಾರೆ. "ಸರ್, ಇದು ಪಳೆಯುಳಿಕೆ ಅಲ್ವಾ?" ತಿಳಿ ಬಣ್ಣದ ಕಲ್ಲು, ಅದರ ಮೇಲೆ ಕಪ್ಪು ಕವಲುಗಳು. ಥೇಟ್ ಜರಿಗಿಡ. ಲೆನ್ಸ್ ಹಿಡಿದರೆ ಗುಟ್ಟು ಬಿಡುತ್ತದೆ. ಎಲೆಗೆ ಇರಬೇಕಾದ ನಡುನರ ಇಲ್ಲ. ಕವಲುಗಳೆಲ್ಲ ಒಂದು ಬಿರುಕಿನ ಅಂಚಿನಿಂದ ಹೊರಟಿರುತ್ತವೆ. ಬಿರುಕಿಗೆ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಅದು. ಹೆಸರು ಡೆಂಡ್ರೈಟ್. ಜೋಯಿಡಾ ಕಡೆ ಮ್ಯಾಂಗನೀಸ್ ಗಣಿಗಳೇ ಇದ್ದ ಜಿಲ್ಲೆ ನಮ್ಮದು, ಆಶ್ಚರ್ಯ ಏನಿಲ್ಲ.

ಮುಂದಿನ ಪ್ರಶ್ನೆಯೂ ಗೊತ್ತಿರೋದೇ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಡೈನೋಸಾರ್ ಸಿಗುತ್ತದಂತೆ, ನಮ್ಮ ಘಟ್ಟದಲ್ಲಿ ಯಾಕಿಲ್ಲ?

ಅಲ್ಲೂ ಸಿಗೋದಿಲ್ಲ. ಆ ಕಣಿವೆಯ ಅಂಚಿನಲ್ಲಿ, ಎಲ್ಲಕ್ಕಿಂತ ಮೇಲಿರುವ ಸುಣ್ಣಕಲ್ಲಿನ ಪದರಕ್ಕೇ ಸುಮಾರು 27 ಕೋಟಿ ವರ್ಷ. ಡೈನೋಸಾರ್ ಬಂದದ್ದು ಅದಾದ ಮೇಲೆ. ಅವುಗಳ ಕಾಲದ ಪದರಗಳು ಅಲ್ಲಿ ಎಂದೋ ಸವೆದುಹೋಗಿವೆ. ಸಿಗುವುದು ಹಳೇ ಸಮುದ್ರದ ಚಿಪ್ಪು, ಹವಳ, ಟ್ರೈಲೊಬೈಟ್ ಅನ್ನುವ ಅಳಿದುಹೋದ ಸಮುದ್ರಜೀವಿ. ನನಗೆ ಜಾಸ್ತಿ ಇಷ್ಟ ಕೊಕೊನಿನೊ ಮರಳುಗಲ್ಲು. ಅದು ಸುಮಾರು 28 ಕೋಟಿ ವರ್ಷದ ಹಿಂದಿನ ಮರಳುದಿಬ್ಬ, ಗಟ್ಟಿಯಾಗಿ ಕಲ್ಲಾದದ್ದು. ನಾಲ್ಕು ಕಾಲಿನ ಪ್ರಾಣಿಗಳು ದಿಬ್ಬ ಹತ್ತಿದ ಹೆಜ್ಜೆಗಳು ಬೆರಳಿನ ಗುರುತು ಸಮೇತ ಉಳಿದಿವೆ. ಮೂಳೆ ಮಾತ್ರ ಇಲ್ಲ. ಗಾಳಿಗೆ ಸರಿಯುವ ಮರಳಲ್ಲಿ ಹೆಣ ಎಲ್ಲಿ ಉಳಿದೀತು?

ಕಣಿವೆಯ ತಳದಲ್ಲಿರುವ ವಿಷ್ಣು ಶಿಸ್ಟ್ ಅನ್ನುವ ಕಲ್ಲಿಗೆ ಸುಮಾರು 170 ಕೋಟಿ ವರ್ಷ. (ಹೌದು, ನಮ್ಮ ವಿಷ್ಣುವೇ.) ನಮ್ಮ ಘಟ್ಟದ ಬುಡದ ಕಲ್ಲು ಅದಕ್ಕಿಂತಲೂ ಹಳೆಯದು, 250 ಕೋಟಿ ವರ್ಷ ದಾಟಿದೆ. ಆಗ ಮೂಳೆ ಇರುವ ಜೀವಿಯೇ ಹುಟ್ಟಿರಲಿಲ್ಲ. ಯಾಣದ ಬಂಡೆಯಲ್ಲಿ ಡೈನೋಸಾರ್ ಹುಡುಕಿದರೆ ಕಾಲು ನೋವು ಅಷ್ಟೇ ಲಾಭ.

ನಮ್ಮಲ್ಲಿ ಪದರಗಳು ಕಣ್ಣಿಗೆ ಬೀಳದಿರಲು ಇನ್ನೊಂದು ಕಾರಣ ಮಳೆ. ಕೊಲೊರಾಡೊ ನದಿ ಕೊರೆದ ಆ ಗೋಡೆಗಳ ಮೇಲೆ ಮಣ್ಣು ಕಮ್ಮಿ, ಕಾಡಂತೂ ಇಲ್ಲವೇ ಇಲ್ಲ. ಹಾಗಾಗಿ ಪ್ರತಿ ಪದರವೂ ಬರಿಗಣ್ಣಿಗೆ ಕಾಣುತ್ತದೆ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ. ಕಲ್ಲು ಕೊಳೆತು ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಚಿರೆಕಲ್ಲಾಗುತ್ತದೆ. ಅದರಲ್ಲಿ ಕಾಣುವ ತೂತು "ಹುಳದ ಗೂಡು" ಅಂತ ತಂದುಕೊಡುವವರೂ ಇದ್ದಾರೆ. ಅದು ಸುಮ್ನೆ ತೂತು.

ಹುಡುಕಲೇಬೇಕು ಅನ್ನುವವರು ಹಳೇ ಸುಣ್ಣಕಲ್ಲಿನಲ್ಲಿ ಗುಮ್ಮಟದ ಹಾಗೆ ಬಾಗಿದ ತೆಳು ಗೆರೆಗಳನ್ನು ನೋಡಿ. ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಅಂಥ ಕಲ್ಲಿಗೆ ಸ್ಟ್ರೊಮಟೊಲೈಟ್ ಅನ್ನುತ್ತಾರೆ. ಚಿತ್ರದುರ್ಗ, ಶಿವಮೊಗ್ಗ ಕಡೆಯ, "ಧಾರವಾಡ ಶಿಲೆ" ಅಂತ ಹೆಸರಿರುವ ಹಳೇ ಕಲ್ಲುಗಳಲ್ಲಿ ಅವು ಸಿಕ್ಕಿವೆ. ಕಂಡರೆ ಒಡೆದು ತರಬೇಡಿ. ಪಕ್ಕದಲ್ಲಿ ಒಂದು ಪೆನ್ ಇಟ್ಟು ಫೋಟೊ ತೆಗೆಯಿರಿ, ಜಾಗ ಬರೆದಿಟ್ಟುಕೊಳ್ಳಿ. ಕಿತ್ತು ತಂದ ಕಲ್ಲು ಯಾವ ಪದರದ್ದು ಅಂತ ಆಮೇಲೆ ಯಾರಿಗೂ ಹೇಳಲು ಬರುವುದಿಲ್ಲ.