ಹೆಪ್ಪು ಹುಡುಕೋಕೆ ಹೋದ ಹುಡುಗ

ಬಿ.ಫಾರ್ಮ್ ಮೊದಲನೇ ವರ್ಷದಲ್ಲಿ ಕ್ಲಾಟಿಂಗ್ ಟೈಮ್ ಅಂತ ಒಂದು ಪ್ರಾಕ್ಟಿಕಲ್ ಇರುತ್ತೆ. ಬೆರಳಿಗೆ ಸ್ಪಿರಿಟ್ ಒರೆಸಿ ಲ್ಯಾನ್ಸೆಟ್‌ನಲ್ಲಿ ಚುಚ್ಕೊಂಡು, ಬಂದ ಹನಿಗೆ ಸಣ್ಣ ಗಾಜಿನ ಕ್ಯಾಪಿಲರಿ ಹಿಡಿದ್ರೆ ರಕ್ತ ತಾನಾಗೇ ಒಳಗೆ ಏರುತ್ತೆ, ಆಮೇಲೆ 30 ಸೆಕೆಂಡಿಗೊಂದ್ಸಲ ಆ ಕಡ್ಡೀನ ತುದಿಯಿಂದ ಚೂರು ಚೂರೇ ಮುರೀತಾ ಬರೋದು. ಮುರಿದ ಎರಡು ತುಂಡಿನ ಮಧ್ಯೆ ಜೇಡರ ಬಲೆ ಎಳೆ ಥರ ಒಂದು ದಾರ ಕಂಡ್ರೆ ಅದು ಫೈಬ್ರಿನ್, ಅಂದ್ರೆ ರಕ್ತ ಹೆಪ್ಪುಗಟ್ಟೋಕೆ ಶುರುವಾಯ್ತು, ಟೈಮ್ ಬರ್ಕೊಂಡು ಮನೆಗೆ ಹೋಗ್ಬಹುದು. ನನ್ನ ಕಡ್ಡಿ ಮುರಿದು ಮುರಿದು ಮುಗಿದೇ ಹೋಯ್ತು, ದಾರ ಬರಲೇ ಇಲ್ಲ. ಇನ್ನೊಂದು ಬೆರಳು ಚುಚ್ಕೊಳ್ಳೋ ಧೈರ್ಯ ಇರಲಿಲ್ಲ, ಪಕ್ಕದ ಬೆಂಚಿನವನಿಗೆ ನಾಲ್ಕೂವರೆ ನಿಮಿಷ ಬಂದಿತ್ತು, ನಾನು 4 ನಿಮಿಷ ಅಂತ ಬರೆದೆ, ಇಬ್ಬರದ್ದೂ ಒಂದೇ ಥರ ಇದ್ರೆ ಸಿಕ್ಕಿಬೀಳ್ತೀವಲ್ಲ. ಮೇಡಂ ಟಿಕ್ ಹಾಕಿ ಸೈನ್ ಮಾಡಿದ್ರು.

ಇದು ಮತ್ತೆ ನೆನಪಾಗಿದ್ದು ಸೋದರತ್ತೆಗೆ ಹಾರ್ಟ್ ವಾಲ್ವ್ ಬದಲಾಯಿಸಿದಾಗ. ವಾರ್ಡಿನಲ್ಲಿ ಹೊಟ್ಟೆಗೆ ಇಂಜೆಕ್ಷನ್, ಅದರ ಜೊತೆ ಸಂಜೆ ಒಂದು ಚಿಕ್ಕ ಮಾತ್ರೆ, ಎರಡೂ ರಕ್ತ ತೆಳು ಮಾಡೋಕೆ ಅಂದ್ರು. ತೆಳು ಅನ್ನೋದು ಬರೀ ಬಾಯಿಮಾತು, ರಕ್ತವೇನೂ ನೀರಾಗಲ್ಲ, ಹೆಪ್ಪುಗಟ್ಟೋದು ನಿಧಾನ ಆಗುತ್ತೆ ಅಷ್ಟೇ. ಇಂಜೆಕ್ಷನ್ ಹೆಪಾರಿನ್ ಜಾತಿದು, ಮಾತ್ರೆ ವಾರ್ಫರಿನ್. ಮಂಚದ ಪಕ್ಕ ಸ್ಟೂಲ್ ಮೇಲೆ ಕೂತು ಮೊಬೈಲಲ್ಲಿ ಓದ್ತಾ ಓದ್ತಾ ಗೊತ್ತಾಗಿದ್ದೇನು ಅಂದ್ರೆ ಈ ಎರಡೂ ಔಷಧಿಯ ಬೇರು ಇರೋದು ದೊಡ್ಡ ಕಂಪನಿಯ ಪ್ಲಾನಿನಲ್ಲಲ್ಲ, ಸ್ಟೂಡೆಂಟ್‌ಗಳು ಲ್ಯಾಬಿನಲ್ಲಿ ಮಾಡಿದ ಬೋರಿಂಗ್ ಕೆಲಸದಲ್ಲಿ, ಅದೂ ಒಬ್ಬನಂತೂ ಹುಡುಕ್ತಾ ಇದ್ದಿದ್ದೇ ಇದಕ್ಕೆ ಪೂರ್ತಿ ಉಲ್ಟಾ ವಸ್ತುವನ್ನ.

ನಮ್ಮ ಭಾಷೇಲಿ ಮೊಸರಿಗೂ ರಕ್ತಕ್ಕೂ ಒಂದೇ ಪದ ಇದೆ ನೋಡಿ, ಹೆಪ್ಪು. ಹಾಲಿಗೆ ಒಂದು ಚಮಚ ಹೆಪ್ಪು ಬಿದ್ರೆ ಪಾತ್ರೆಪೂರ್ತಿ ಗಟ್ಟಿ ಆಗೋ ಹಾಗೆ, ಗಾಯ ಆದಾಗ ಕೆಟ್ಟುಹೋದ ಅಂಗಾಂಶದಿಂದ ಏನೋ ಒಂದು ರಕ್ತಕ್ಕೆ ಬೆರೆತು ಹೆಪ್ಪು ಶುರು ಮಾಡುತ್ತೆ ಅಂತ 100 ವರ್ಷದ ಹಿಂದೆನೇ ಗೊತ್ತಿತ್ತು. (ಮೊಸರಲ್ಲಿ ಕೆಲಸ ಮಾಡೋದು ಬ್ಯಾಕ್ಟೀರಿಯಾ, ರಕ್ತದಲ್ಲಿ ಪ್ರೋಟೀನುಗಳ ಸಾಲು. ಪ್ರೋಥ್ರಾಂಬಿನ್ ಹೋಗಿ ಥ್ರಾಂಬಿನ್ ಆಗುತ್ತೆ, ಥ್ರಾಂಬಿನ್ ಬಂದು ಫೈಬ್ರಿನೋಜೆನ್ನನ್ನ ಫೈಬ್ರಿನ್ ದಾರ ಮಾಡುತ್ತೆ. ಹೋಲಿಕೆ ಅಲ್ಲಿಗೆ ಮುಗೀತು.)

ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಕಾಲೇಜಿನಲ್ಲಿ ವಿಲಿಯಂ ಹೋವೆಲ್ ಅಂತ ಫಿಸಿಯಾಲಜಿ ಪ್ರೊಫೆಸರ್ ಇದ್ರು, ರಕ್ತ ಹೆಪ್ಪುಗಟ್ಟೋ ವಿಷಯದಲ್ಲಿ ಅವರದ್ದು ಆಗಿನ ಕಾಲಕ್ಕೆ ದೊಡ್ಡ ಹೆಸರು. 1915ರಲ್ಲಿ ಅವರ ಹತ್ರ ಬಂದೋನು ಜೇ ಮೆಕ್ಲೀನ್. 1890ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದೋನು, ಚಿಕ್ಕಂದಿನಲ್ಲೇ ಅಪ್ಪ ತೀರ್ಕೊಂಡ್ರು, 1906ರ ಭೂಕಂಪ ಮತ್ತೆ ಬೆಂಕೀಲಿ ಮನೆ ಹೋಯ್ತು, ಮಲತಂದೆಯ ವ್ಯಾಪಾರಾನೂ ಹೋಯ್ತು, ಇವನು ಚಿನ್ನದ ಗಣಿ ಅಂತೆ ಎಣ್ಣೆ ಬಾವಿ ಅಂತೆ ಸಿಕ್ಕಿದ ಕಡೆ ಎಲ್ಲಾ ದುಡಿದು ಕಾಸು ಕೂಡಿಟ್ಟು ಓದಿದ. ಹಾಪ್ಕಿನ್ಸ್‌ನೋರು ಸೀಟಿಲ್ಲ ಅಂದಿದ್ರೂ ದೇಶದ ಆ ತುದಿಯಿಂದ ಈ ತುದಿಗೆ ಬಂದೇಬಿಟ್ಟ, ಬಂದ ಮೇಲೆ ಒಂದು ಸೀಟು ಖಾಲಿ ಆಯ್ತು. ಹೋವೆಲ್ ಹತ್ರ ಹೋಗಿ ಅವನು ಕೇಳಿದ್ದು, ಒಂದು ವರ್ಷದಲ್ಲಿ ನಾನೊಬ್ಬನೇ ಮಾಡಿ ಮುಗಿಸಬಹುದಾದ ಒಂದು ಪ್ರಾಬ್ಲಂ ಕೊಡಿ ಅಂತ. ನಮ್ಮಲ್ಲಿ ಎಂಟನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ಗೈಡ್ ಹತ್ರ ಹೋಗಿ ಕೇಳೋದೂ ಹೆಚ್ಚುಕಮ್ಮಿ ಇದನ್ನೇ, ನಾವು ಒಂದು ವರ್ಷದ ಬದಲು ಮೂರು ತಿಂಗಳು ಅಂತೀವಿ.

ಹೋವೆಲ್ ಕೊಟ್ಟಿದ್ದು ಕ್ಲೀನಿಂಗ್ ಕೆಲಸ ಅಂತನೇ ಹೇಳ್ಬಹುದು. ಮಿದುಳಿನಿಂದ ತೆಗೆದ ಕೆಫಾಲಿನ್ ಅನ್ನೋ ಕೊಬ್ಬಿನಂಥ ವಸ್ತು ರಕ್ತಾನ ಬೇಗ ಹೆಪ್ಪುಗಟ್ಟಿಸ್ತಿತ್ತು, ಅದೇ ನಿಜವಾದ ಹೆಪ್ಪಾ ಅಥವಾ ಅದರ ಜೊತೆ ಬಂದಿರೋ ಕಲ್ಮಶ ಆ ಕೆಲಸ ಮಾಡ್ತಿದೆಯಾ, ಶುದ್ಧ ಮಾಡಿ ನೋಡಿ ಹೇಳು ಅಂದ್ರು. ಮೆಕ್ಲೀನ್ ಅಷ್ಟಕ್ಕೇ ನಿಲ್ಲದೆ ಜರ್ಮನ್ ಪ್ರಬಂಧಗಳನ್ನ ಓದಿ, ಮಿದುಳಲ್ಲಿ ಇರೋ ಥರದ ವಸ್ತು ಹೃದಯದಲ್ಲೂ ಲಿವರಿನಲ್ಲೂ ಸಿಗುತ್ತೆ ಅಂತ ತಿಳ್ಕೊಂಡು, ಅವನ್ನೂ ತೆಗೆದು ಸಾಲಾಗಿ ಇಟ್ಕೊಂಡ. ಎಲ್ಲಾನೂ ಟೆಸ್ಟ್ ಮಾಡಿದ. ಅವೂ ಹೆಪ್ಪುಗಟ್ಟಿಸಿದ್ವು, ಮಿದುಳಿನಷ್ಟು ಜೋರಾಗಿ ಅಲ್ಲ.

ಇಲ್ಲಿಗೆ ಪ್ರಾಜೆಕ್ಟ್ ಮುಗೀಬೇಕಿತ್ತು. ರಿಪೋರ್ಟ್ ಬರೆದು ಬೈಂಡಿಂಗ್ ಹಾಕಿಸೋದಷ್ಟೇ ಬಾಕಿ. ಆದ್ರೆ ಅವನು ಹಳೇ ಸ್ಯಾಂಪಲ್‌ಗಳನ್ನ ಚೆಲ್ಲಲಿಲ್ಲ, ಇಟ್ಟು ಇಟ್ಟು ಮತ್ತೆ ಮತ್ತೆ ಟೆಸ್ಟ್ ಮಾಡ್ತಾ ಹೋದ, ದಿನ ಕಳೆದ ಹಾಗೆ ಶಕ್ತಿ ಎಷ್ಟು ಕಮ್ಮಿ ಆಗುತ್ತೆ ಅಂತ ನೋಡೋಕೆ. ಲಿವರಿನದ್ದು ಶಕ್ತಿ ಕಮ್ಮಿ ಆಗ್ತಾ ಆಗ್ತಾ ಸೊನ್ನೆಗೆ ಬಂತು, ಅಲ್ಲಿಗೂ ನಿಲ್ಲದೆ ಸೊನ್ನೆಯಿಂದ ಆ ಕಡೆ ದಾಟಿಬಿಡ್ತು. ಏನೂ ಹಾಕದೆ ಇಟ್ಟ ಟ್ಯೂಬಿನ ರಕ್ತಕ್ಕಿಂತ ಇದನ್ನ ಹಾಕಿದ ಟ್ಯೂಬಿನದ್ದು ತಡವಾಗಿ ಹೆಪ್ಪುಗಟ್ಟೋಕೆ ಶುರುವಾಯ್ತು. ಹೆಪ್ಪುಗಟ್ಟಿಸೋ ಪದಾರ್ಥ ಹಾಳಾಗ್ತಾ ಹೋದಂತೆ ಅದರ ಕೆಳಗೆ ಅಡಗಿದ್ದ ತಡೆಯೋ ಪದಾರ್ಥ ಮೇಲೆ ಕಾಣಿಸ್ಕೊಂಡಿತ್ತು. ನಾನಾಗಿದ್ರೆ ಸ್ಯಾಂಪಲ್ ಕೆಟ್ಟಿದೆ ಅಂತ ಸಿಂಕಿಗೆ ಸುರಿದು ಟ್ಯೂಬ್ ತೊಳೆದಿಡ್ತಿದ್ದೆ, ಇದರಲ್ಲಿ ನನಗೆ ಸ್ವಲ್ಪಾನೂ ಅನುಮಾನ ಇಲ್ಲ.

ಅವನು ಹೋಗಿ ಹೋವೆಲ್‌ಗೆ ಹೇಳಿದ. ಅವರು ನಂಬಲಿಲ್ಲ. ಎಷ್ಟೋ ವರ್ಷ ರಕ್ತಾನೇ ನೋಡಿದ ಪ್ರೊಫೆಸರ್‌ಗೆ ನಿನ್ನೆ ಮೊನ್ನೆ ಬಂದ ಹುಡುಗ ಹೀಗಂದ್ರೆ ಯಾರು ನಂಬ್ತಾರೆ. ಮೆಕ್ಲೀನ್ ವಾದ ಮಾಡೋಕೆ ಹೋಗಲಿಲ್ಲ, ಲ್ಯಾಬ್ ಸಹಾಯಕನಿಂದ ಒಂದು ಬೆಕ್ಕಿನ ರಕ್ತ ತೆಗೆಸಿ, ಬೀಕರಿಗೆ ಹಾಕಿ, ಲಿವರಿನ ಪದಾರ್ಥ ಕಲಸಿ ತಂದು ಅವರ ಮೇಜಿನ ಮೇಲಿಟ್ಟು, ಇದು ಹೆಪ್ಪುಗಟ್ಟಿದಾಗ ನನ್ನ ಕರೀರಿ ಸರ್ ಅಂತ ಹೇಳಿ ಹೋದ. ಆ ರಕ್ತ ಹೆಪ್ಪುಗಟ್ಟಲೇ ಇಲ್ಲ.

1916ರಲ್ಲಿ ಪೇಪರ್ ಬಂತು, ತಲೆಬರಹ ಮಾತ್ರ ಕೆಫಾಲಿನ್ ಹೇಗೆ ಹೆಪ್ಪುಗಟ್ಟಿಸುತ್ತೆ ಅನ್ನೋದರ ಬಗ್ಗೆನೇ, ತಡೆಯೋ ವಸ್ತುವಿನ ಸುದ್ದಿ ಒಳಗೆಲ್ಲೋ ಒಂದು ಕಡೆ. ಹೆಪಾರಿನ್ ಅನ್ನೋ ಹೆಸರು 1918ರಲ್ಲಿ ಹೋವೆಲ್ ಮತ್ತೆ ಎಮೆಟ್ ಹೋಲ್ಟ್ ಇಟ್ಟಿದ್ದು, ಗ್ರೀಕ್‌ನಲ್ಲಿ ಹೆಪಾರ್ ಅಂದ್ರೆ ಲಿವರ್. ಮೆಕ್ಲೀನ್ ತೆಗೆದಿದ್ದು ಕೊಬ್ಬಿನ ಜಾತಿಯ ವಸ್ತು, ಈಗ ನಾವು ಚುಚ್ಚಿಸ್ಕೊಳ್ಳೋ ಹೆಪಾರಿನ್ ಮೈತುಂಬಾ ಸಲ್ಫೇಟ್ ಅಂಟಿರೋ ಸಕ್ಕರೆ ಸರಪಳಿ, ಹೋವೆಲ್ 1922ರ ಹೊತ್ತಿಗೆ ನೀರಲ್ಲಿ ಕರಗಿಸಿ ತೆಗೆದಿದ್ದು ಈ ಜಾತಿಗೆ ಸೇರಿದ್ದು. ಹಾಗಾಗಿ ಕಂಡುಹಿಡಿದೋರು ಸ್ಟೂಡೆಂಟಾ ಗೈಡಾ ಅನ್ನೋ ಜಗಳ ಪೂರ್ತಿ ಮುಗಿದಿಲ್ಲ. ಗೈಡ್ ಹೆಸರು ಮೊದಲಾ ನಮ್ಮ ಹೆಸರು ಮೊದಲಾ ಅನ್ನೋದು ಇವತ್ತಿಗೂ ಎಲ್ಲಾ ಲ್ಯಾಬಿನ ಟೀ ಟೈಮ್ ವಿಷಯ ಬಿಡಿ. ಟಿಬಿಗೆ ಕೊಡೋ ಸ್ಟ್ರೆಪ್ಟೋಮೈಸಿನ್ ಔಷಧಿನ 1943ರಲ್ಲಿ ಕಂಡುಹಿಡಿದ ಆಲ್ಬರ್ಟ್ ಶಾಟ್ಸ್ ಅನ್ನೋ ರಿಸರ್ಚ್ ಸ್ಟೂಡೆಂಟ್ ತನ್ನ ಗೈಡ್ ವಾಕ್ಸ್‌ಮನ್ ಮೇಲೆ ಕೋರ್ಟಿಗೇ ಹೋಗಿದ್ದ.

ಹೆಪಾರಿನ್ನನ್ನ ಮನುಷ್ಯರಿಗೆ ಕೊಡೋ ಹಾಗೆ ಶುದ್ಧ ಮಾಡಿದ್ದು ಟೊರಾಂಟೋದ ಚಾರ್ಲ್ಸ್ ಬೆಸ್ಟ್ ತಂಡ, 1935ರ ಹೊತ್ತಿಗೆ ರೋಗಿಗಳ ಮೇಲೆ ಬಳಕೆ ಶುರುವಾಯ್ತು. ಹೌದು, ಅದೇ ಬೆಸ್ಟ್, 1921ರಲ್ಲಿ ತಾನೇ ಸ್ಟೂಡೆಂಟ್ ಆಗಿದ್ದಾಗ ಬ್ಯಾಂಟಿಂಗ್ ಜೊತೆ ಇನ್ಸುಲಿನ್ ತೆಗೆದೋನು. ಹೆಪಾರಿನ್ ಕೆಲಸ ಮಾಡೋ ರೀತಿ ಸ್ವಲ್ಪ ಮಜವಾಗಿದೆ. ಅದು ಥ್ರಾಂಬಿನ್ ಮೇಲೆ ನೇರವಾಗಿ ಕೈ ಮಾಡಲ್ಲ, ನಮ್ಮ ರಕ್ತದಲ್ಲೇ ಇರೋ ಆಂಟಿಥ್ರಾಂಬಿನ್ ಅನ್ನೋ ಸೋಮಾರಿ ಕಾವಲುಗಾರನ ಬೆನ್ನು ತಟ್ಟಿ ಎಬ್ಬಿಸುತ್ತೆ, ಎದ್ದ ಮೇಲೆ ಅವನ ಸ್ಪೀಡ್ ಸುಮಾರು 1000 ಪಟ್ಟು. ಅದಕ್ಕೇ ಇಂಜೆಕ್ಷನ್ ರಕ್ತನಾಳಕ್ಕೆ ಕೊಟ್ರೆ ತಕ್ಷಣವೇ ಕೆಲಸ ಶುರು.

ಮಾತ್ರೆ ಕಥೆ ಬೇರೆ. ಅದು ಶುರುವಾಗೋದು ಮೇವಿನಿಂದ. ಸ್ವೀಟ್ ಕ್ಲೋವರ್ ಅಂತ ಒಂದು ಮೇವು, ನಮ್ಮ ಕುದುರೆ ಮಸಾಲೆ ಸೊಪ್ಪಿಗೂ ಮೆಂತ್ಯಕ್ಕೂ ಸಸ್ಯಲೋಕದಲ್ಲಿ ನಂಟಸ್ತಿಕೆ ಇರೋದು. 1920ರ ದಶಕದಲ್ಲಿ ಕೆನಡಾ ಮತ್ತೆ ಅಮೆರಿಕದ ಉತ್ತರ ಭಾಗದ ಹುಲ್ಲುಗಾವಲುಗಳಲ್ಲಿ ಇದನ್ನ ತಿಂದ ದನಗಳು ಕೊಂಬು ಕತ್ತರಿಸಿದ್ರೆ ಸಾಕು ರಕ್ತ ನಿಲ್ಲದೇ ಸಾಯ್ತಿದ್ವು, ಕೆಲವು ಏನೂ ಗಾಯ ಇಲ್ಲದೇ ಒಳಗೇ ರಕ್ತ ಸೋರಿ ಸಾಯ್ತಿದ್ವು. ಫ್ರಾಂಕ್ ಸ್ಕೋಫೀಲ್ಡ್ ಅನ್ನೋ ಪಶುವೈದ್ಯರು ತಪ್ಪು ಮೇವಿನದ್ದಲ್ಲ, ಮಳೆಗೆ ನೆಂದು ಬೂಸ್ಟು ಹಿಡಿದ ಮೇವಿನದ್ದು ಅಂತ ತೋರಿಸಿದ್ರು. ಆದ್ರೆ ರೈತ ಏನ್ಮಾಡ್ತಾನೆ, ಬೇರೆ ಮೇವು ಕೊಳ್ಳೋಕೆ ಕಾಸಿಲ್ಲ.

1933ರ ಫೆಬ್ರವರಿಯ ಒಂದು ಶನಿವಾರ, ಹಿಮದ ಬಿರುಗಾಳಿ ಬೀಸ್ತಿದೆ, ಎಡ್ ಕಾರ್ಲ್ಸನ್ ಅನ್ನೋ ರೈತ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸ್ಕೊಂಡು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ಗೆ ಬಂದ. ಗಾಡೀಲಿ ಒಂದು ಸತ್ತ ಕಡಸು, ಒಂದು ಹೊರೆ ಕೆಟ್ಟ ಮೇವು, ಆಮೇಲೆ ಹಾಲಿನ ಕ್ಯಾನ್ ತುಂಬ ಹೆಪ್ಪುಗಟ್ಟದ ರಕ್ತ. ಸರ್ಕಾರಿ ಪಶುವೈದ್ಯರ ಆಫೀಸು ಬಾಗಿಲು ಹಾಕಿತ್ತು, ಬಾಗಿಲು ತೆರೆದಿದ್ದಿದ್ದು ಬಯೋಕೆಮಿಸ್ಟ್ರಿ ಡಿಪಾರ್ಟ್‌ಮೆಂಟು. ಅಲ್ಲಿದ್ದ ಕಾರ್ಲ್ ಪಾಲ್ ಲಿಂಕ್, ಆ ಮೇವು ಹಾಕ್ಬೇಡಿ, ಸಾಧ್ಯ ಆದ್ರೆ ಉಳಿದ ದನಕ್ಕೆ ಬೇರೆ ದನದ ರಕ್ತ ಕೊಡಿಸಿ ಅಂತ ಹೇಳಿ ಕಳಿಸಿದ್ರು, ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ. ಅವರ ಸ್ಟೂಡೆಂಟ್ ಶೋಫೆಲ್ ಮಾತ್ರ ಆ ಕ್ಯಾನಿಗೆ ಕೈ ಅದ್ದಿ ಅದ್ದಿ ನೋಡ್ತಾ, ಬಡ ರೈತನಿಗೆ ಇದೂ ಒಂದು ಸಲಹೆನಾ ಅಂತ ಕೂಗಾಡಿದನಂತೆ.

ಆಮೇಲೆ ಆರು ವರ್ಷ. ಓದೋರಿಗೆ ಒಂದು ವಾಕ್ಯ, ಮಾಡಿದೋರಿಗೆ ಆರು ವರ್ಷ. ಮೇವಿನಿಂದ ಸಾರ ತೆಗಿ, ಭಾಗ ಮಾಡು, ಒಂದೊಂದು ಭಾಗಾನೂ ಮೊಲಕ್ಕೆ ತಿನ್ನಿಸು, ರಕ್ತ ತೆಗೆದು ಹೆಪ್ಪುಗಟ್ಟೋ ಟೈಮ್ ನೋಡು, ಕೆಲಸ ಮಾಡೋ ಭಾಗಾನ ಮತ್ತೆ ಭಾಗ ಮಾಡು. ಮೊಲಗಳೂ ಒಂದೇ ಥರ ಇರಲ್ಲ, ಒಂದಕ್ಕೆ ತಾಗೋ ಡೋಸ್ ಇನ್ನೊಂದಕ್ಕೆ ಏನೂ ಮಾಡಲ್ಲ, ಹಾಗಾಗಿ ಮೊದಲು ಮೊಲಗಳನ್ನೇ ಅಳೆದು ಆರಿಸಿಕೊಳ್ಳಬೇಕಾಯ್ತು. ನಮ್ಮ ಕಡೆ ಫೈನಲ್ ಇಯರ್‌ನಲ್ಲಿ ಕ್ಯಾಂಪಸ್ಸಲ್ಲಿ ಸಿಕ್ಕ ಗಿಡದ ಎಲೆ ಒಣಗಿಸಿ ಸಾಕ್ಸ್‌ಲೆಟ್ ಅನ್ನೋ ಸಾರ ತೆಗೆಯೋ ಗಾಜಿನ ಉಪಕರಣಕ್ಕೆ ಹಾಕಿ, ಡಿಪಿಪಿಎಚ್ ಅನ್ನೋ ಟೆಸ್ಟ್ ಕೆಮಿಕಲ್‌ನ ನೇರಳೆ ಬಣ್ಣ ಹಳದಿ ಆಯ್ತು ಅಂದ ತಕ್ಷಣ ಉತ್ತಮ ಆಂಟಿಆಕ್ಸಿಡೆಂಟ್ ಅಂತ ಬರೆದು ಮುಗಿಸ್ತೀವಲ್ಲ, ಯಾವ ವಸ್ತು ಅದನ್ನ ಮಾಡ್ತು ಅಂತ ಕೇಳೋ ಮುಂಚೆ ಸೆಮಿಸ್ಟರ್ ಮುಗಿದಿರುತ್ತೆ. ಮ್ಯಾಡಿಸನ್ ಹುಡುಗರು ಶುರು ಮಾಡಿದ್ದೇ ನಾವು ನಿಲ್ಲಿಸೋ ಜಾಗದಿಂದ. 1939ರ ಜೂನ್ 28ರಂದು ಹೆರಾಲ್ಡ್ ಕ್ಯಾಂಪ್‌ಬೆಲ್‌ಗೆ ಹರಳು ಸಿಕ್ತು, ಸುಮಾರು 6 ಮಿಲಿಗ್ರಾಂ. ನಾಲ್ಕೈದು ಸಾಸಿವೆ ಕಾಳಿನ ತೂಕನೂ ಇಲ್ಲ. ಮಾರ್ಕ್ ಸ್ಟಾಮನ್ ಅನ್ನೋ ಇನ್ನೊಬ್ಬ ಸ್ಟೂಡೆಂಟ್ ನಾಲ್ಕು ತಿಂಗಳು ಕೂತು 1.8 ಗ್ರಾಂ ಮಾಡಿದ, ಚಾರ್ಲ್ಸ್ ಹ್ಯೂಬ್ನರ್ ಅದನ್ನ ಲ್ಯಾಬಲ್ಲೇ ತಯಾರಿಸಿ ಇದು ಅದೇ ಅಂತ ಸಾಬೀತು ಮಾಡಿದ. ಡೈಕುಮರಾಲ್.

ಹೊಸದಾಗಿ ಕತ್ತರಿಸಿದ ಹುಲ್ಲಿನ ಸಿಹಿ ವಾಸನೆ ಗೊತ್ತಲ್ಲ, ಅದು ಕೂಮರಿನ್, ಅದರಿಂದ ಈ ತೊಂದರೆ ಇಲ್ಲ. ಬೂಸ್ಟು ಬಂದು ಅದನ್ನ ಸ್ವಲ್ಪ ಬದಲಾಯಿಸಿ ಎರಡೆರಡನ್ನ ಜೋಡಿಸಿದಾಗ ಡೈಕುಮರಾಲ್ ಆಗುತ್ತೆ. ಲಿಂಕ್ ತಂಡ ಇದರ ಅಣ್ಣತಮ್ಮಂದಿರನ್ನ ಸಾಲಾಗಿ ತಯಾರಿಸ್ತು, ಅದರಲ್ಲಿ 42ನೇದು 1948ರಲ್ಲಿ ಇಲಿ ಪಾಷಾಣವಾಗಿ ಮಾರ್ಕೆಟ್ಟಿಗೆ ಬಂತು, ಖರ್ಚು ಕೊಟ್ಟ ವಿಸ್ಕಾನ್ಸಿನ್ ಅಲುಮ್ನಿ ರಿಸರ್ಚ್ ಫೌಂಡೇಶನ್‌ನ ಮೊದಲಕ್ಷರಗಳಿಂದ ವಾರ್ಫರಿನ್. 1951ರಲ್ಲಿ ಸೇನೆಗೆ ಸೇರಿದ ಒಬ್ಬ ಹುಡುಗ ಇದನ್ನ ತಿಂದೂ ವಿಟಮಿನ್ ಕೆ ಕೊಟ್ಟ ಮೇಲೆ ಚೇತರಿಸ್ಕೊಂಡ, ಆಗ ಡಾಕ್ಟರುಗಳಿಗೆ ಧೈರ್ಯ ಬಂತು, 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೆ ಹಾರ್ಟ್ ಅಟ್ಯಾಕ್ ಆದಾಗ ಅವರಿಗೂ ಇದನ್ನೇ ಕೊಟ್ರು.

ಮಾತ್ರೆ ಯಾಕೆ ನಿಧಾನ ಅಂದ್ರೆ, ಗ್ಯಾಸ್ ಸಿಲಿಂಡರ್ ನೆನಪಿಸ್ಕೊಳ್ಳಿ. ಲಿವರಿಗೆ ಪ್ರೋಥ್ರಾಂಬಿನ್ ಥರದ ಪ್ರೋಟೀನುಗಳನ್ನ ರೆಡಿ ಮಾಡೋಕೆ ವಿಟಮಿನ್ ಕೆ ಬೇಕು, ಒಂದ್ಸಲ ಬಳಸಿದ ವಿಟಮಿನ್ ಖಾಲಿ ಸಿಲಿಂಡರ್ ಥರ ವಾಪಸ್ ಹೋಗಿ ರೀಫಿಲ್ ಆಗಿ ಬರುತ್ತೆ, ವಾರ್ಫರಿನ್ ಆ ರೀಫಿಲ್ ಮಾಡೋ ಎನ್‌ಜೈಮಿನ ಬಾಗಿಲು ಹಾಕುತ್ತೆ. ಆದ್ರೆ ಆಗಲೇ ಬೆಂದಿರೋ ಅಡುಗೆ ಮನೇಲಿ ಇದೆಯಲ್ಲ, ರಕ್ತದಲ್ಲಿ ಓಡಾಡ್ತಿರೋ ಹಳೇ ಪ್ರೋಥ್ರಾಂಬಿನ್ ಖಾಲಿ ಆಗೋಕೆ ಕೆಲವು ದಿನ ಬೇಕು. ಅಲ್ಲಿವರೆಗೂ ಹೆಪಾರಿನ್ ಕಾವಲಿಗೆ ಇರುತ್ತೆ. ವಾರ್ಡಿನಲ್ಲಿ ಸುಮಾರು ಐದು ದಿನ ಎರಡೂ ಒಟ್ಟಿಗೆ ನಡೆಯೋದು ಇದಕ್ಕೇ, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ನೋಡೋ ಪಿಟಿ-ಐಎನ್‌ಆರ್ ಟೆಸ್ಟಿನ ರಿಪೋರ್ಟ್ ಡಾಕ್ಟರ್ ಹೇಳಿದ ಜಾಗಕ್ಕೆ ಬಂದ ಮೇಲೆ ಇಂಜೆಕ್ಷನ್ ನಿಲ್ಲಿಸ್ತಾರೆ. ತಮಾಷೆ ಏನಂದ್ರೆ ಮೆಕ್ಲೀನ್ ಬರೆದ ಹೆಪಾರಿನ್ ಕಥೆ, ಲಿಂಕ್ ಬರೆದ ಡೈಕುಮರಾಲ್ ಕಥೆ, ಎರಡೂ ಅಚ್ಚಾಗಿದ್ದೂ ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ, 1959ರಲ್ಲಿ. ಮೆಕ್ಲೀನ್ ಅಷ್ಟು ಹೊತ್ತಿಗೆ ತೀರ್ಕೊಂಡು ಒಂದು ವರ್ಷ ದಾಟಿತ್ತು.

ಡಿಸ್ಚಾರ್ಜ್ ದಿನ ಅತ್ತೆ ಕೇಳಿದ ಪ್ರಶ್ನೆ ಎರಡೇ. ಮೆಂತ್ಯ ಸೊಪ್ಪು ತಿನ್ಬಹುದಾ ಅಂತ ಒಂದು. ಡಾಕ್ಟರ್ ಹೇಳಿದ್ರು, ಪೂರ್ತಿ ಬಿಡ್ಬೇಡಿ ಅಮ್ಮ, ಇವತ್ತು ಒಂದು ಕಟ್ಟು ನಾಳೆ ಏನೂ ಇಲ್ಲ ಅನ್ನೋ ಥರ ಮಾಡ್ಬೇಡಿ, ವಾರವಾರ ಒಂದೇ ಹದದಲ್ಲಿ ತಿನ್ನಿ, ಸೊಪ್ಪಲ್ಲಿರೋ ವಿಟಮಿನ್ ಕೆ ನೋಡ್ಕೊಂಡೇ ನಾವು ಡೋಸ್ ಕೂರಿಸ್ತೀವಿ. ಇನ್ನೊಂದು, ಆ ಹೊಟ್ಟೆ ಇಂಜೆಕ್ಷನ್ ಯಾವುದರಿಂದ ಮಾಡ್ತಾರೋ, ಗಿಡಮೂಲಿಕೆದಾ ಅಂತ ನನ್ನ ಕಡೆ ತಿರುಗಿ ಕೇಳಿದ್ರು. ಅತ್ತೆ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟೋರಲ್ಲ. ಇವತ್ತು ಹೆಪಾರಿನ್ ಹೆಚ್ಚಿನದ್ದು ತೆಗೆಯೋದು ಹಂದಿ ಕರುಳಿನ ಒಳಪೊರೆಯಿಂದ. ಹಳೇ ಕಾಲದ ಔಷಧಿ ಅತ್ತೆ, ಅಮೆರಿಕದ ಒಬ್ಬ ಹುಡುಗ ಕಂಡುಹಿಡಿದಿದ್ದು ಅಂದೆ, ಬ್ಯಾಗ್ ಎತ್ಕೊಂಡು ಲಿಫ್ಟ್ ಕಡೆ ನಡೆದೆ.