ಆಡಿಟ್ ಬರಲ್ಲ, ಆಡಿಟ್ ಮಾಡಿಸೋದು

ಮೊನ್ನೆ ಸಾಗರ ಬಸ್‌ಸ್ಟ್ಯಾಂಡಲ್ಲಿ ಪರಿಚಯದವರೊಬ್ರು ಸಿಕ್ಕಿ "ಎಂತ, ನಿಮ್ಮನೆಗೆ ಆಡಿಟ್ ಬಂದಿತ್ತಂತೆ?" ಅಂದ್ರು, ಅದೂ ದನಿ ತಗ್ಗಿಸಿ, ಯಾರಿಗೋ ಹುಷಾರಿಲ್ಲದಾಗ ಕೇಳ್ತಾರಲ್ಲ ಹಾಗೆ. ಈ ವರ್ಷ ಇದು ನಾಲ್ಕನೇ ಸಲ. ಬಂದಿದ್ದು ಆಡಿಟ್ ಅಲ್ಲ ಅಂತ ಒಬ್ಬೊಬ್ರಿಗೇ ಹೇಳಿ ಸಾಕಾಯ್ತು, ಅದಕ್ಕೇ ಒಂದೇ ಸಲ ಬರೆದಿಡ್ತಿದೀನಿ.

ನಮ್ಮ ಕಡೆ ಈ ಪದದ ಗತಿ ಹೇಗಾಗಿದೆ ಅಂದ್ರೆ, ರಿಟರ್ನ್ ಹಾಕ್ಸಿದ್ರೂ "ಆಡಿಟ್ ಮಾಡಿಸ್ದೆ", ನೋಟಿಸ್ ಬಂದ್ರೂ "ಆಡಿಟ್ ಬಂತು", ಯಾರದೋ ಮನೆಗೆ ರೈಡ್ ಆದ್ರೂ "ಆಡಿಟ್‌ನೋರು ಬಂದಿದ್ರು". ಫಾರಂ ತುಂಬಿಕೊಡೋವ್ರೆಲ್ಲ ಆಡಿಟರ್. ಶಿವಮೊಗ್ಗದ ದುರ್ಗಿಗುಡಿಲಿ ಯಾವ ಮೆಟ್ಲು ಹತ್ತಿದ್ರೂ ಒಬ್ರು ಆಡಿಟರ್ ಸಿಕ್ತಾರೆ, ಅವ್ರಲ್ಲಿ ಟ್ಯಾಕ್ಸ್ ಆಡಿಟ್ ರಿಪೋರ್ಟಿಗೆ ಸೈನ್ ಹಾಕೋ ಅಧಿಕಾರ ಇರೋದು ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆದವ್ರಿಗೆ ಮಾತ್ರ.

ಗಮನಿಸಬೇಕಾದ್ದು ಕ್ರಿಯಾಪದ. ಟ್ಯಾಕ್ಸ್ ಆಡಿಟ್ ಅಂದ್ರೆ ನಮ್ಮ ಲೆಕ್ಕಾನ ಸಿಎ ಹತ್ರ ನಾವೇ ಫೀಸ್ ಕೊಟ್ಟು ಪರೀಕ್ಷೆ ಮಾಡಿಸ್ಕೊಳ್ಳೋದು, ಇಲಾಖೆಯೋರು ಬಂದು ಮಾಡೋದಲ್ಲ. 1984ರ ಫೈನಾನ್ಸ್ ಆಕ್ಟಲ್ಲಿ 44ಎಬಿ ಅಂತ ಸೇರಿಸಿದ ಸೆಕ್ಷನ್ ಅದು. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ನಂಬರೆಲ್ಲ ಬದಲು. ನಾನು ಬಾಯಿಪಾಠ ಮಾಡಿರೋದು ಹಳೇದು, ಅದನ್ನೇ ಹೇಳ್ತೀನಿ.) ವ್ಯಾಪಾರ ವರ್ಷಕ್ಕೆ 1 ಕೋಟಿ ದಾಟಿದ್ರೆ ಆಡಿಟ್ ಆಗ್ಬೇಕು, ಬರೋದ್ರಲ್ಲೂ ಕೊಡೋದ್ರಲ್ಲೂ ನಗದು ಶೇ. 5ರ ಒಳಗಿದ್ರೆ 10 ಕೋಟಿವರೆಗೂ ಬೇಡ. ಮಾಡಿಸ್ದೇ ಇದ್ರೆ ವಹಿವಾಟಿನ ಶೇ. 0.5 ಅಥವಾ 1.5 ಲಕ್ಷ, ಯಾವ್ದು ಕಮ್ಮಿಯೋ ಅಷ್ಟು ದಂಡ ಅಂತ ಹಳೇ ಕಾಯ್ದೆಲಿತ್ತು. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾರೋ ನಮಗೆಲ್ಲಿ ಕೋಟಿ! ನಾವು 44ಎಡಿಲಿ, ಅಂದ್ರೆ ಸಣ್ಣ ವ್ಯಾಪಾರದೋರು ಲಾಭಾನ ಅಂದಾಜಲ್ಲೇ ತೋರಿಸೋ ಸೆಕ್ಷನ್ನಲ್ಲಿ ರಿಟರ್ನ್ ಹಾಕೋವ್ರು: ನಗದು ವ್ಯಾಪಾರಕ್ಕೆ ಶೇ. 8, ಬ್ಯಾಂಕು-ಫೋನ್‌ಪೇಲಿ ಬಂದಿದ್ದಕ್ಕೆ ಶೇ. 6 ಲಾಭ ಅಂತ ತೋರಿಸಿ ಮುಗ್ಸೋದು. ಹಾಗೆ ಹಾಕಿ ಐದು ವರ್ಷದೊಳಗೆ ಅದಕ್ಕಿಂತ ಕಮ್ಮಿ ಲಾಭ ತೋರ್ಸಿ, ಒಟ್ಟು ಆದಾಯ ಟ್ಯಾಕ್ಸ್ ಮಿತಿ ದಾಟಿದ್ರೆ ಮಾತ್ರ ನಮ್ಮಂಥೋರಿಗೂ ಆಡಿಟ್ ಗಂಟು ಬೀಳತ್ತೆ.

ಪದದ ಮೂಲ ಹುಡುಕಿದ್ರೆ ಇನ್ನೂ ಮಜಾ ಇದೆ. ಲ್ಯಾಟಿನ್ನಿನ 'ಆಡೀರೆ' ಅಂದ್ರೆ ಕೇಳಿಸ್ಕೊಳ್ಳೋದು. ಆಡಿಯೋ, ಆಡಿಟೋರಿಯಂ, ಆಡಿಟರ್ ಎಲ್ಲ ಒಂದೇ ಬಳ್ಳಿ ಕಾಯಿ. ಹಿಂದೆ ಲೆಕ್ಕದೋನು ಜೋರಾಗಿ ಓದ್ತಿದ್ದ, ಒಬ್ಬ ಕೂತು ಕೇಳ್ತಿದ್ದ, ಆ ಕೇಳೋನೇ ಆಡಿಟರ್. ಇದೇನು ನಮಗೆ ಹೊಸದಲ್ಲ. ಗಣಪತಿ ಬಿಟ್ಟಾದ ಮೇಲೆ ಕಮಿಟಿಯೋರು ಮೀಟಿಂಗ್ ಕರೆದು "ಪೆಂಡಾಲಿಗೆ ಇಷ್ಟು, ಮೈಕಿಗೆ ಇಷ್ಟು, ಕೈಲಿ ಉಳಿದಿದ್ದು ಇಷ್ಟು" ಅಂತ ಓದ್ತಾರಲ್ಲ, ಹಿಂದಿನ ಸಾಲಲ್ಲಿ ಕೂತ ಅಜ್ಜ "ಮೈಕಿಗೆ ಹ್ಯಾಗಪ್ಪ ಅಷ್ಟು?" ಅಂತ ಎದ್ದು ನಿಲ್ತಾರಲ್ಲ, ಪದದ ಹಳೇ ಅರ್ಥದಲ್ಲಿ ಅಪ್ಪಟ ಆಡಿಟರ್ ಅಂದ್ರೆ ಆ ಅಜ್ಜನೇ. ಸ್ತ್ರೀಶಕ್ತಿ ಸಂಘದಲ್ಲಿ ವಾರ ವಾರ ಪುಸ್ತಕ ಓದಿ ಹೇಳೋದೂ ಅದೇ ಜಾತಿಗೆ ಸೇರಿದ್ದು.

ಕನ್ನಡದ 'ಲೆಕ್ಕಪರಿಶೋಧನೆ'ಲಿ ಕಿವಿ ಇಲ್ಲ, ಸೋಸೋ ಬಟ್ಟೆ ಇದೆ. ಶುಧ್ ಅಂದ್ರೆ ಶುದ್ಧ ಆಗೋದು, ಕಷಾಯ ಶೋಧಿಸೋದು ಅಂತೀವಲ್ಲ ಅದೇ ಶೋಧನೆ. ಲೆಕ್ಕಾನ ಸೋಸಿ ಕಸ ಬೇರೆ ಮಾಡೋದು, ಚೆಂದದ ಪದ. ಆದ್ರೆ ಎಡವಟ್ಟಾಗಿದ್ದೂ ಇಲ್ಲೇ ಅಂತ ನನ್ನ ಗುಮಾನಿ, ಯಾಕಂದ್ರೆ ಪೇಪರಿನೋರು ರೈಡಿಗೂ 'ಶೋಧ' ಅಂತ್ಲೇ ಬರೀತಾರೆ, ಪರಿಶೋಧನೆ ಓದಿದ ಜನಕ್ಕೆ ಬೀರು ತೆಗೆದು ಹುಡುಕೋ ಚಿತ್ರ ಕಣ್ಮುಂದೆ ಬರತ್ತೆ.

ನನಗೆ ಬಂದಿದ್ದು ಸ್ಕ್ರೂಟಿನಿ, ಅಂದ್ರೆ ಹಾಕಿದ ರಿಟರ್ನನ್ನ ಇಲಾಖೆ ಕೆದಕಿ ನೋಡೋಕೆ ಕಳಿಸೋ 143(2)ರ ನೋಟಿಸ್. ಸ್ಕ್ರೂಟಿನಿ ಪದದ ಲ್ಯಾಟಿನ್ ಮೂಲದಲ್ಲಿ ಚಿಂದಿ-ಗುಜರಿ ಅನ್ನೋ ಅರ್ಥ ಇದೆ ಅಂತಾರೆ, ಅಂದ್ರೆ ಗುಜರಿ ಕೆದಕಿ ನೋಡೋದು. ನನ್ನ ಕೇಸಿಗೆ ಕರೆಕ್ಟಾಗಿ ಹೊಂದತ್ತೆ. ಉಪ್ಪಿನಕಾಯಿ ದುಡ್ಡು, ತೋಟದ ಅಡಿಕೆ ದುಡ್ಡು ಎರಡೂ ಒಂದೇ ಅಕೌಂಟಿಗೆ ಬೀಳ್ತಿತ್ತು. ರಿಟರ್ನಲ್ಲಿ ವ್ಯಾಪಾರ 11 ಲಕ್ಷ, ಅಕೌಂಟಿಗೆ ಬಂದಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಕೃಷಿ ಆದಾಯ 5 ಸಾವಿರ ದಾಟಿದ್ರೆ ಸುಗಮ್ ಅನ್ನೋ ಐಟಿಆರ್-4 ರಿಟರ್ನ್ ಫಾರಂ ಹಾಕೋ ಹಾಗಿಲ್ಲ, ಐಟಿಆರ್-3 ಹಾಕ್ಬೇಕು. ನಮ್ಮ 'ಆಡಿಟರ್' ಅಡಿಕೆ ವಿಷ್ಯ ಕೇಳ್ಲೂ ಇಲ್ಲ, ನಾನು ಹೇಳ್ಲೂ ಇಲ್ಲ. ಅಡಿಕೆಗೆ ಟ್ಯಾಕ್ಸ್ ಇಲ್ವಲ್ಲ, ಹೇಳೋದೆಂತಕ್ಕೆ ಅಂದ್ಕೊಂಡಿದ್ದೆ. ಟ್ಯಾಕ್ಸ್ ಇಲ್ದಿದ್ರೂ ತೋರಿಸ್ಬೇಕು ಅಂತ ಕಲ್ತಿದ್ದು ಹೀಗೆ.

ಮನೆಗೆ ಒಂದು ನರಪಿಳ್ಳೆ ಬರ್ಲಿಲ್ಲ. 2019ರಿಂದೀಚೆ ಇದು ಫೇಸ್‌ಲೆಸ್, ಅಧಿಕಾರಿ ಯಾವ ಊರಲ್ಲಿದಾರೆ ಅಂತಾನೂ ನಮಗೆ ಗೊತ್ತಾಗಲ್ಲ, ಪ್ರಶ್ನೆ ಉತ್ತರ ಎಲ್ಲ ಪೋರ್ಟಲ್ಲಲ್ಲಿ. ಪತ್ರದ ಮೇಲೆ ಡಿಐಎನ್, ಅಂದ್ರೆ ಇಲಾಖೆ ಆ ಪತ್ರಕ್ಕೆ ಕೊಟ್ಟ ಗುರುತಿನ ನಂಬರ್ ಇದ್ಯಾ ನೋಡಿ, ಅಸಲಿಯೋ ನಕಲಿಯೋ ಅಂತ ಅದ್ರಲ್ಲೇ ಚೆಕ್ ಮಾಡ್ಬಹುದು. ಕಷ್ಟ ಆಗಿದ್ದು ಮಳೆಗಾಲದಿಂದ, ಕರೆಂಟಿಲ್ಲ ನೆಟ್‌ವರ್ಕಿಲ್ಲ, ಅಡಿಕೆ ಮಾರಿದ ಮಂಡಿ ಪಟ್ಟಿ, ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು ಪೇಟೆಗೆ ಹೋಗಿ ಸ್ಕ್ಯಾನ್ ಮಾಡ್ಸಿದ್ದು. ಮಿಡಿ ಕೊಯ್ದು ಕೊಡೋನು ಬಿಲ್ ಕೊಡ್ತಾನಾ? ನೂರಕ್ಕೆ ಇಷ್ಟು ಅಂತ ಬರೆದಿಟ್ಟ, ಎಣ್ಣೆ ಕಲೆ ಬಿದ್ದ ನನ್ನ ನೋಟ್‌ಬುಕ್ಕಿನ ಹಾಳೆಗಳೂ ಹೋದ್ವು. ಕೊನೆಗೆ ಅಡಿಕೆ ದುಡ್ಡು ಅಡಿಕೆದೇ ಅಂತ ಒಪ್ಪಿ ಆರ್ಡರ್ ಬಂತು.

2025ರ ಜುಲೈಲಿ ಬೇಕರಿ, ತರಕಾರಿ ಅಂಗಡಿಯೋರಿಗೆಲ್ಲ ಯುಪಿಐ ಲೆಕ್ಕ ಹಿಡ್ಕೊಂಡು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ್ಲೂ "ಆಡಿಟ್ ಬಂತು" ಅಂತ ಗುಲ್ಲೆದ್ದಿತ್ತು. ಅದೂ ಆಡಿಟ್ ಅಲ್ಲ, ಸರಕಿನ ವ್ಯಾಪಾರ 40 ಲಕ್ಷ ದಾಟಿದ್ರೂ ಜಿಎಸ್‌ಟಿ ರಿಜಿಸ್ಟ್ರೇಷನ್ ಯಾಕೆ ಮಾಡ್ಸಿಲ್ಲ ಅನ್ನೋ ಪ್ರಶ್ನೆ. ಹಾಗಂತ ಜಿಎಸ್‌ಟಿಲಿ ಇಲಾಖೆಯೋರೇ ಮಾಡೋ ನಿಜವಾದ ಆಡಿಟ್ ಒಂದಿದೆ, ಸೆಕ್ಷನ್ 65, ರಿಜಿಸ್ಟ್ರೇಷನ್ ಇರೋರಿಗೆ. ಕಮ್ಮಿ ಅಂದ್ರೂ 15 ಕೆಲಸದ ದಿನ ಮೊದ್ಲು ನೋಟಿಸ್ ಕೊಟ್ಟು ಅಂಗಡಿಗೇ ಬರ್ಬಹುದು. ಅದೊಂದಕ್ಕೆ ಬೇಕಾದ್ರೆ "ಬಂತು" ಅನ್ನಿ, ನಾನು ತಕರಾರು ತೆಗೆಯಲ್ಲ.